ಅಮ್ಮನ ಬಚ್ಚಲಿಗೆ ಒಂದು ಪರ್ಮಿಟ್

ಅಮೆರಿಕದಲ್ಲಿ ಬಾತ್‌ರೂಮ್ ಒಡೆದು ಹೊಸದಾಗಿ ಮಾಡಿಸಬೇಕು ಅಂತ ಸ್ನೇಹಿತರ ಹತ್ತಿರ ಹೇಳಿ ನೋಡಿ. ಮೊದಲು ಸಿಗುವ ಸಲಹೆಯೇ ಇದು: "ಪರ್ಮಿಟ್ ಅಂತೆಲ್ಲ ಹೋಗಬೇಡಿ, ಸುಮ್ನೆ ಮಾಡಿಸಿಬಿಡಿ. ಮನೆ ಒಳಗಿನ ಕೆಲಸ, ಯಾರಿಗೆ ಗೊತ್ತಾಗುತ್ತೆ?" ನಮಗೂ ಹೀಗೇ ಹೇಳಿದರು. ಹತ್ತಿರದವರೇ, ನಮ್ಮ ಒಳ್ಳೆಯದಕ್ಕೇ ಹೇಳಿದರು. ಪರ್ಮಿಟ್ ಅಂದರೆ ಇಂಥ ಕೆಲಸಕ್ಕೆ ಸಿಟಿಯವರಿಂದ, ಅಂದರೆ ನಗರಾಡಳಿತದಿಂದ, ಮೊದಲೇ ತಗೊಳ್ಳುವ ಅನುಮತಿ. ನಾವು ಅದನ್ನು ತಗೊಂಡೇ ಮಾಡಿಸಿದೆವು. ಗೋಡೆ ಬಿಚ್ಚಿದ ಮೇಲೆ ಒಳಗೆ ಕಂಡಿದ್ದನ್ನು ನೋಡಿದರೆ, ಪರ್ಮಿಟ್ ಇಲ್ಲದೆ ಆ ಕೆಲಸ ಮಾಡಿಸಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಹೆದರಿಕೆ ಆಗುತ್ತದೆ.

ನಾವಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. 1960ರ ದಶಕದಲ್ಲಿ ಕಟ್ಟಿದ ಒಂದೇ ಅಂತಸ್ತಿನ ಮನೆ. ನಮ್ಮ ಕಡೆಯ ಹಾಗೆ ಇಟ್ಟಿಗೆ, ಕಾಂಕ್ರೀಟ್ ಅಲ್ಲ. ಗೋಡೆಯೂ ಮರ, ನೆಲವೂ ಮರದ ತೊಲೆಗಳ ಮೇಲೆ ಕೂತಿರುವುದು. ತೊಲೆಗಳ ಕೆಳಗೆ ಒಬ್ಬ ಮನುಷ್ಯ ತೆವಳಿಕೊಂಡು ಹೋಗುವಷ್ಟು ಜಾಗ ಬಿಟ್ಟಿದ್ದಾರೆ, ನೀರಿನ ಪೈಪು ಡ್ರೈನ್ ಪೈಪು ಎಲ್ಲ ಅಲ್ಲೇ ಓಡಾಡುತ್ತವೆ. ಇಂಥ ಮನೆಯಲ್ಲಿ ಬಾತ್‌ರೂಮಿನ ನೀರು ಸಣ್ಣ ಸಂದಿಯಲ್ಲಿ ಸೋರಿದರೆ ಮೇಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಒಳಗೊಳಗೇ ಮರ ಕೊಳೆಯುತ್ತಿರುತ್ತದೆ.

ಕೆಲಸ ಶುರುವಾಗಿದ್ದು ಅಮ್ಮನಿಂದ. ಅಮ್ಮ ಇರುವುದು ಅರಸೀಕೆರೆಯಲ್ಲಿ. ಎರಡೂ ಮಂಡಿಗೆ ಆಪರೇಷನ್ ಆಗಿದೆ. ಹಿಂದಿನ ಸಲ ಬಂದಾಗ ನಮ್ಮ ಟಬ್ಬನ್ನು ದಾಟುವುದೇ ಅವಳಿಗೆ ದೊಡ್ಡ ಕೆಲಸ ಆಗಿತ್ತು. ಒಂದು ಕೈ ಗೋಡೆಗೆ, ಇನ್ನೊಂದು ಕೈ ನನ್ನ ಭುಜಕ್ಕೆ ಕೊಟ್ಟು ಒಂದೊಂದೇ ಕಾಲು ಎತ್ತಿ ಒಳಗೆ ಇಡಬೇಕು. ಸೋಪಿನ ನೀರು ಬಿದ್ದ ಮೇಲೆ ಹೊರಗೆ ಬರುವುದು ಇನ್ನೂ ಕಷ್ಟ. ಶವರ್ ಅವಳಿಗೆ ಸೇರುವುದಿಲ್ಲ. ಟಬ್ಬಿನೊಳಗೆ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಬಕೆಟ್‌ನಲ್ಲಿ ನೀರು ಹಿಡಿದು ಸ್ನಾನ ಮಾಡುತ್ತಿದ್ದಳು, ಸ್ಟೂಲು ಜಾರುತ್ತಿತ್ತು, ನಾನು ಬಾಗಿಲ ಹೊರಗೆ ನಿಂತು "ಆಯ್ತಾಮ್ಮಾ?" ಅಂತ ಕೇಳುತ್ತಲೇ ಇರುತ್ತಿದ್ದೆ. ಟಬ್ ತೆಗೆಸಿಬಿಡೋಣ ಅಂತ ನಮ್ಮ ಮನೆಯವರು ಅಂದರು. ಅಮ್ಮ ಫೋನಿನಲ್ಲಿ ಬೈದಳು. "ಅಷ್ಟು ದುಡ್ಡು ಯಾಕೇ ಸುರೀತೀರಾ? ನನಗೊಂದು ಬಕೆಟ್ಟು, ಒಂದು ಚೊಂಬು ಇದ್ರೆ ಸಾಕು ಕಣೇ."

ಇಲ್ಲಿ ಎಲ್ಲದಕ್ಕೂ ಪರ್ಮಿಟ್ ಬೇಡ. ಬಣ್ಣ ಹೊಡೆಸುವುದು, ಕ್ಯಾಬಿನೆಟ್ ಬದಲಾಯಿಸುವುದು, ನೆಲದ ಟೈಲ್ ಹಾಕುವುದು, ಇಂಥವಕ್ಕೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಗೋಡೆ ಬಿಚ್ಚಿದರೆ, ಪೈಪಿನ ಜಾಗ ಬದಲಾದರೆ, ಹೊಸ ವೈರಿಂಗ್ ಬಂದರೆ ಬೇಕು. ಟಬ್ ತೆಗೆದು ಆ ಜಾಗದಲ್ಲಿ ಶವರ್ ಮಾಡುವುದು ನೋಡೋದಕ್ಕೆ ಸಣ್ಣ ಕೆಲಸ. ಆದರೆ ಟಬ್ಬಿನ ಡ್ರೈನ್ ಒಂದೂವರೆ ಇಂಚಿನದು, ಶವರಿಗೆ ಎರಡು ಇಂಚಿನದು ಬೇಕು. ಟಬ್ಬಿನಲ್ಲಿ ನೀರು ನಿಂತು ನಿಧಾನಕ್ಕೆ ಹೋದರೂ ತೊಂದರೆ ಇಲ್ಲ, ಶವರಿನಲ್ಲಿ ಹೊಸ್ತಿಲು ಗಿಡ್ಡ, ನೀರು ತಕ್ಷಣ ಹೋಗಲೇಬೇಕು. ಹಾಗಾಗಿ ನೆಲ ಬಿಚ್ಚಿ ಕೆಳಗಿನ ಪೈಪು ಬದಲಾಯಿಸಲೇಬೇಕು. ಪರ್ಮಿಟ್ ಇಲ್ಲದೆ ಮಾಡುವ ಕೆಲವರು ಇದನ್ನೇ ಬಿಟ್ಟುಬಿಡುತ್ತಾರೆ. ಹಳೇ ಸಣ್ಣ ಪೈಪಿನ ಮೇಲೇ ಹೊಸ ಟೈಲ್ ಹಾಕಿ ಹೋಗುತ್ತಾರೆ.

ಮೊದಲು ಬಂದ ಕಂಟ್ರಾಕ್ಟರ್ ಒಳ್ಳೆಯ ಮಾತುಗಾರ. ಕಡಿಮೆ ರೇಟು ಹೇಳಿದರು. ಪರ್ಮಿಟ್ ಬೇಕು ಅಂದ ತಕ್ಷಣ ಮುಖ ಸಪ್ಪಗಾಯಿತು. ಬೇಕೇಬೇಕು ಅಂದರೆ ನೀವೇ ನಿಮ್ಮ ಹೆಸರಲ್ಲಿ ತಗೊಳ್ಳಿ ಅಂದರು, ಜೊತೆಗೆ ಅರ್ಧ ದುಡ್ಡು ಮುಂಗಡ ಕೇಳಿದರು. ಎರಡೂ ನಮಗೆ ಸರಿ ಕಾಣಲಿಲ್ಲ. ಈ ರಾಜ್ಯದಲ್ಲಿ ಮನೆ ರಿಪೇರಿಗೆ ಮುಂಗಡ ಅಂತ ಕೇಳಬಹುದಾದದ್ದು ಒಟ್ಟು ಮೊತ್ತದ ಶೇಕಡಾ 10 ಅಥವಾ 1,000 ಡಾಲರ್, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ. ಮನೆಯ ಒಡೆಯರೇ ಪರ್ಮಿಟ್ ತಗೊಂಡರೆ ಕೆಲಸದ ಪೂರ್ತಿ ಹೊಣೆ ಅವರ ತಲೆಗೇ ಬರುತ್ತದೆ, ಕೆಲಸಗಾರನಿಗೆ ಏಟಾದರೆ ಅವನ ಮಾಲೀಕರು ಅಂತಲೂ ಅವರನ್ನೇ ಹಿಡಿಯಬಹುದು. ನಾವು ಆ ಕಂಟ್ರಾಕ್ಟರನ್ನು ಬಿಟ್ಟೆವು. ಕಂಟ್ರಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡ್ ಅಂತ ಇದೆ, ಅವರ ವೆಬ್‌ಸೈಟಿನಲ್ಲಿ ಲೈಸೆನ್ಸ್ ನಂಬರ್ ಹಾಕಿದರೆ ಅದು ಚಾಲ್ತಿಯಲ್ಲಿದೆಯಾ, ಕೆಲಸಗಾರರಿಗೆ ಇನ್ಶೂರೆನ್ಸ್ ಮಾಡಿಸಿದ್ದಾರಾ ಅನ್ನುವುದೆಲ್ಲ ಸಿಗುತ್ತದೆ. ಹಾಗೆ ನೋಡಿಯೇ ಇನ್ನೊಬ್ಬರನ್ನು ಹಿಡಿದೆವು. ರೇಟು ಜಾಸ್ತಿ. ಆದರೆ ಪರ್ಮಿಟ್ ತಮ್ಮ ಹೆಸರಲ್ಲೇ ತಗೊಳ್ಳುತ್ತೇನೆ ಅಂದರು.

ಅರ್ಜಿ ಹಾಕುವುದು ನಾನು ಅಂದುಕೊಂಡಷ್ಟು ಭಯಂಕರ ಇರಲಿಲ್ಲ. ಈಗ ಹೇಗಿದೆ, ಆಮೇಲೆ ಹೇಗಿರುತ್ತದೆ ಅಂತ ಅಳತೆ ಹಾಕಿದ ಎರಡು ನಕ್ಷೆ, ಏನೇನು ಮಾಡುತ್ತೇವೆ ಅನ್ನುವ ವಿವರ, ಕೆಲಸದ ಅಂದಾಜು ಖರ್ಚು. ಕಮೋಡಿನ ಮಧ್ಯದಿಂದ ಪಕ್ಕದ ಗೋಡೆಗೆ ಕನಿಷ್ಠ 15 ಇಂಚು, ಅದರ ಮುಂದೆ 24 ಇಂಚು ಖಾಲಿ ಜಾಗ, ಶವರಿನೊಳಗೆ 30 ಇಂಚು ಅಗಲದ ಒಂದು ವೃತ್ತ ಹಿಡಿಸಬೇಕು. ಓದುವಾಗ ಸುಮ್ನೆ ನಂಬರುಗಳು ಅನ್ನಿಸುತ್ತವೆ. ನಾನು ನೆಲದ ಮೇಲೆ ಟೇಪ್ ಅಂಟಿಸಿ ಒಳಗೆ ಸ್ಟೂಲ್ ಇಟ್ಟು ಕೂತು ನೋಡಿದೆ. ಅಮ್ಮ ಕೂತು, ನಾನು ಪಕ್ಕದಲ್ಲಿ ನಿಂತು ಬೆನ್ನು ತಿಕ್ಕುವುದಕ್ಕೆ ಜಾಗ ಬೇಕಲ್ವಾ? ಹಾಗಾಗಿ ನಿಯಮ ಹೇಳಿದ್ದಕ್ಕಿಂತ ಜಾಸ್ತಿಯೇ ಇಟ್ಟೆವು.

ನಕ್ಷೆ ನೋಡಿದ ಸಿಟಿಯವರು ಒಂದೇ ಒಂದು ಪ್ರಶ್ನೆ ಕಳಿಸಿದರು. ಶವರಿನ ಗೋಡೆಯಲ್ಲಿ ಅಷ್ಟು ಕೆಳಗೆ ಒಂದು ನಲ್ಲಿ ಇದೆಯಲ್ಲ, ಟಬ್ ಇಲ್ಲ, ಅದು ಯಾಕೆ? ನಮ್ಮ ತಾಯಿ ಬಕೆಟ್ಟಿಗೆ ನೀರು ತುಂಬಿಸಿಕೊಂಡು ಸ್ನಾನ ಮಾಡುತ್ತಾರೆ ಅಂತ ಬರೆದೆ. ಆಕ್ಷೇಪಣೆ ಏನೂ ಬರಲಿಲ್ಲ. ಎರಡು ಮಾತು ಹೇಳಿದರು ಅಷ್ಟೇ. ನಲ್ಲಿಯ ಬಾಯಿ ಬಕೆಟ್ಟಿನ ಅಂಚಿಗಿಂತ ಮೇಲಿರಬೇಕು, ಬಕೆಟ್ಟಿನ ನೀರು ವಾಪಸ್ ಪೈಪಿಗೆ ಎಳೆದುಕೊಳ್ಳಬಾರದು. ಮತ್ತೆ ಆ ನಲ್ಲಿಗೂ ಶವರಿನ ವಾಲ್ವಿನಿಂದಲೇ ನೀರು ಬರಬೇಕು. ಆ ವಾಲ್ವು ನೀರಿನ ಬಿಸಿಯನ್ನು 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 49 ಡಿಗ್ರಿ ಸೆಲ್ಸಿಯಸ್ ದಾಟದ ಹಾಗೆ ತಡೆಯುತ್ತದೆ. ಅಡುಗೆಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿದರೆ ಇಲ್ಲಿ ತಟ್ಟನೆ ಸುಡುನೀರು ಬರುವುದಿಲ್ಲ.

ಆಮೇಲೆ ಒಡೆಯುವ ಕೆಲಸ. ಅದರ ಬಗ್ಗೆ ಹೇಳುವಂಥದ್ದೇನಿಲ್ಲ, ಧೂಳು.

ನನಗೆ ಮರೆಯಲಾಗದ್ದು ಮೊದಲ ಇನ್‌ಸ್ಪೆಕ್ಷನ್ ದಿನ. ಹೊಸ ಪೈಪು, ವೈರು ಹಾಕಿ ಆದ ಮೇಲೆ, ಗೋಡೆ ಮುಚ್ಚುವ ಮೊದಲು ಸಿಟಿಯ ಇನ್‌ಸ್ಪೆಕ್ಟರ್ ಬಂದು ನೋಡಬೇಕು. ಅವರು ಒಪ್ಪಿ ಸಹಿ ಹಾಕದೆ ಒಂದು ಹಲಗೆಯನ್ನೂ ಮುಚ್ಚುವ ಹಾಗಿಲ್ಲ. ಬಂದವರು ಸ್ವಲ್ಪ ವಯಸ್ಸಾದವರು, ಹಿಂದೆ ಸ್ವತಃ ಪ್ಲಂಬರ್ ಆಗಿದ್ದವರು. ಬಂದವರೇ ಟಾರ್ಚ್ ಹಚ್ಚಿ ಮಂಡಿಯೂರಿ ಕೂತರು. ಕೆಲಸದವರು ಡ್ರೈನ್ ಪೈಪಿಗೆ ನೀರು ತುಂಬಿಸಿ ಇಟ್ಟಿದ್ದರು, ಇವರು ಒಂದೊಂದು ಜಾಯಿಂಟನ್ನೂ ಬೆರಳಿನಿಂದ ಸವರಿ ನೋಡಿದರು. ವೈರು ಮರದ ಅಂಚಿಗೆ ಹತ್ತಿರ ಇರುವ ಕಡೆ ಕಬ್ಬಿಣದ ಪಟ್ಟಿ ಹೊಡೆದಿದ್ದಾರಾ ಅಂತ ನೋಡಿದರು. ನಾಳೆ ಯಾರೋ ಕನ್ನಡಿ ತೂಗುಹಾಕಲು ಮೊಳೆ ಹೊಡೆದರೆ ಅದು ವೈರಿಗೆ ತಗುಲಬಾರದು ಅಂತ ಆ ಪಟ್ಟಿ. ಎರಡು ಕಡೆ ಇರಲಿಲ್ಲ, ಅಲ್ಲೇ ಹೊಡೆಸಿದರು.

ಆಮೇಲೆ ತೊಲೆಯ ಹತ್ತಿರ ಹೋಗಿ ಸುಮ್ಮನೆ ನಿಂತರು. ನನ್ನನ್ನು ಕರೆದು ತೋರಿಸಿದರು. ಹಳೇ ಟಬ್ಬಿನ ಪೈಪು ಹಾಯಿಸಲು ಯಾವ ಕಾಲದಲ್ಲೋ ಯಾರೋ ನೆಲ ಹೊತ್ತ ತೊಲೆಗೆ ಕಚ್ಚು ಹಾಕಿದ್ದರು. ಏಳೂಕಾಲು ಇಂಚು ಎತ್ತರದ ತೊಲೆ, ಅರ್ಧಕ್ಕಿಂತ ಜಾಸ್ತಿ ಕಡಿದುಹೋಗಿತ್ತು. ನಿಯಮದ ಪ್ರಕಾರ ಆರರಲ್ಲಿ ಒಂದು ಭಾಗಕ್ಕಿಂತ ಆಳವಾಗಿ ಕಡಿಯಬಾರದು, ತೊಲೆಯ ಮಧ್ಯಭಾಗದಲ್ಲಂತೂ ಕಚ್ಚು ಹಾಕಲೇಬಾರದು. ಕಂಟ್ರಾಕ್ಟರ್ ಕಡೆಯ ಮೇಸ್ತ್ರಿ, ಇಷ್ಟು ವರ್ಷ ನಿಂತಿದೆಯಲ್ಲ ಅಂದರು. ಇನ್‌ಸ್ಪೆಕ್ಟರ್ ದನಿ ಏರಿಸದೆ ವಿವರಿಸಿದರು. ಇಷ್ಟು ದಿನ ಇದರ ಮೇಲೆ ಹಗುರವಾದ ಫೈಬರ್ ಟಬ್ ಇತ್ತು, ಈಗ ಸಿಮೆಂಟ್ ಹಾಸು, ಟೈಲ್ ಬರುತ್ತದೆ, ಅದರ ಮೇಲೆ ಮನುಷ್ಯರು ನಿಲ್ಲುತ್ತಾರೆ. ನೆಲ ಕೂದಲೆಳೆಯಷ್ಟು ಬಗ್ಗಿದರೂ ಟೈಲಿನ ಸಂದಿ ಬಿಡುತ್ತದೆ, ನೀರು ಇಳಿಯುತ್ತದೆ, ಇದೇ ಕಡಿದ ಜಾಗ ಮೊದಲು ಕೊಳೆಯುತ್ತದೆ. ನನಗೆ ಕಣ್ಣ ಮುಂದೆ ಬಂದಿದ್ದು ಅಮ್ಮ ಅಲ್ಲಿ ಸ್ಟೂಲ್ ಹಾಕಿಕೊಂಡು ಕೂತಿರುವುದು.

ಅಲ್ಲಿಗೂ ಮುಗಿಯಲಿಲ್ಲ. ಏಣಿ ಹಾಕಿಸಿ ಅಟ್ಟಕ್ಕೆ ತಲೆ ಹಾಕಿ ನೋಡಿದರು. ಬಾತ್‌ರೂಮ್ ಫ್ಯಾನಿನ ಹಳೇ ಕೊಳವೆ ಛಾವಣಿಯಿಂದ ಹೊರಗೆ ಹೋಗಿಯೇ ಇರಲಿಲ್ಲ. ಅಟ್ಟದಲ್ಲೇ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಇಷ್ಟು ವರ್ಷದ ಸ್ನಾನದ ಆವಿಯೆಲ್ಲ ಅಲ್ಲೇ ಕೂತು ಸುತ್ತಲಿನ ಮರ ಕಪ್ಪಾಗಿ ಬೂಷ್ಟು ಹಿಡಿದಿತ್ತು. ನಮ್ಮ ಮಕ್ಕಳು ಮಲಗುವ ರೂಮಿನ ಮೇಲೇ ಅದು ಇದ್ದದ್ದು. ನಾವು ಮನೆ ಕೊಳ್ಳುವ ಮೊದಲು ಯಾರೋ ಮಾಡಿಸಿದ ಕೆಲಸ, ಸಿಟಿಯ ದಾಖಲೆಯಲ್ಲಿ ಅದಕ್ಕೆ ಪರ್ಮಿಟ್ಟೇ ಇರಲಿಲ್ಲ.

ಸಹಿ ಸಿಗಲಿಲ್ಲ. ಏನೇನು ಸರಿ ಮಾಡಬೇಕು ಅಂತ ಬರೆದ ಹಾಳೆ ಸಿಕ್ಕಿತು. ಕೆಲಸ ನಿಂತಿತು. ಕಡಿದ ತೊಲೆಯ ಪಕ್ಕಕ್ಕೆ ಹೊಸ ತೊಲೆ ಸೇರಿಸಿ ಬೋಲ್ಟ್ ಹಾಕಬೇಕು, ಪೈಪಿನ ದಾರಿ ಬದಲಾಗಬೇಕು, ಫ್ಯಾನಿನ ಕೊಳವೆ ಛಾವಣಿ ದಾಟಬೇಕು. ಖರ್ಚು ಹೆಚ್ಚಾಯಿತು, ಅಮ್ಮನ ಟಿಕೆಟ್ ಆಗಲೇ ಬುಕ್ ಆಗಿತ್ತು, ಮನೆಯಲ್ಲಿ ಎಲ್ಲರಿಗೂ ಟೆನ್ಷನ್. ನಿಜ, ಪರ್ಮಿಟ್ ಅಂದರೆ ಹೀಗೆ ತಡ ಆಗುತ್ತದೆ, ದುಡ್ಡೂ ಜಾಸ್ತಿ ಆಗುತ್ತದೆ. ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಆ ತೊಲೆ ಕಡಿದದ್ದು ಪರ್ಮಿಟ್ ಅಲ್ಲ. ಅದು ಅಲ್ಲೇ ಇತ್ತು, ದಿನಾ ನಾವು ಅದರ ಮೇಲೇ ಓಡಾಡುತ್ತಿದ್ದೆವು. ಈ ಕೆಲಸದಿಂದ ಒಂದು ರೂಪಾಯಿ ಲಾಭ ಇಲ್ಲದ, ಬೇಗ ಮುಗಿಸಿ ಹೋಗಬೇಕು ಅನ್ನುವ ಅವಸರ ಇಲ್ಲದ ಒಬ್ಬ ಮನುಷ್ಯ ಬಂದು ನೋಡಿದ್ದರಿಂದ ಅದು ಕಂಡಿತು. ಗೋಡೆ ಮುಚ್ಚಿದ ಮೇಲೆ ಎಷ್ಟು ದುಡ್ಡು ಕೊಟ್ಟರೂ ಆ ಕಣ್ಣು ಸಿಗುವುದಿಲ್ಲ.

ಅದೇ ದಿನ ಅವರು ಇನ್ನೊಂದು ಉಪಕಾರ ಮಾಡಿದರು. ಹಿಡಿದುಕೊಳ್ಳುವ ಕಂಬಿಗಳನ್ನು ಎಲ್ಲಿ ಹಾಕುತ್ತೀರಿ ಅಂತ ಕೇಳಿದರು. ಇಲ್ಲಿನ ಗೋಡೆ ಪೊಳ್ಳು, ಒಳಗೆ ಗಟ್ಟಿ ಮರ ಕೂರಿಸದೆ ಬರೀ ಹಲಗೆಗೆ ಸ್ಕ್ರೂ ಹಾಕಿದರೆ ಬೀಳುವವರ ಭಾರಕ್ಕೆ ಕಂಬಿಯೇ ಕಿತ್ತು ಬರುತ್ತದೆ. ಸಾರ್ವಜನಿಕ ಕಟ್ಟಡಗಳಲ್ಲಿ ಇಂಥ ಕಂಬಿ 250 ಪೌಂಡ್ ಭಾರ ತಡೆಯಬೇಕು, ನೆಲದಿಂದ 33ರಿಂದ 36 ಇಂಚು ಎತ್ತರದಲ್ಲಿರಬೇಕು. ನಮ್ಮ ಕೆಲಸಕ್ಕೆ ಆ ಕಟ್ಟುಪಾಡು ಇಲ್ಲ. ಆದರೂ ಅಮ್ಮನ ಎತ್ತರ ಕೇಳಿದರು. ಅಮ್ಮ ಗಿಡ್ಡ, ಕೂತು ಸ್ನಾನ ಮಾಡುವವಳು, ಎದ್ದೇಳುವಾಗ ಹಿಡಿಯಬೇಕು ಅಂದೆ. ಹಾಗಾದರೆ ಅಗಲವಾದ ಮರದ ತುಂಡು ಹಾಕಿಸಿ, ತಾಯಿ ಬಂದ ಮೇಲೆ ಅವರ ಕೈಗೆ ಸಿಗುವ ಕಡೆ ಕಂಬಿ ಹಾಕಿದರಾಯಿತು, ಮುಚ್ಚುವ ಮೊದಲು ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ ಅಂದರು. ಹಾಗೇ ಮಾಡಿದೆವು.

ಎರಡನೇ ಸಲ ಬಂದಾಗ ಸಹಿ ಹಾಕಿದರು. ಆಮೇಲೆ ಶವರಿನ ತಳದ ಪರೀಕ್ಷೆ. ಟೈಲ್ ಹಾಕುವ ಮೊದಲು ನೀರು ತಡೆಯುವ ಪದರ ಹಾಕಿ, ಡ್ರೈನಿಗೆ ಬಿರಡೆ ಹಾಕಿ, ಹೊಸ್ತಿಲ ಮಟ್ಟಕ್ಕೆ ನೀರು ತುಂಬಿಸಿ ರಾತ್ರಿಯಿಡೀ ಬಿಟ್ಟರು. ನಮ್ಮ ಮನೆಯವರು ಬೆಳಿಗ್ಗೆ ಕೆಳಗೆ ತೆವಳಿಕೊಂಡು ಹೋಗಿ ಕೈಯಾಡಿಸಿ ಬಂದರು. ಒಣಗಿತ್ತು. ಅವತ್ತು ನನಗೆ ಸಮಾಧಾನ ಆಯಿತು.

ಕೊನೆಯ ಇನ್‌ಸ್ಪೆಕ್ಷನ್‌ನಲ್ಲಿ ಬಾತ್‌ರೂಮ್ ಬಿಟ್ಟು ಬೇರೆ ಕಡೆಯೂ ನೋಡುತ್ತಾರೆ. ಬೆಡ್‌ರೂಮುಗಳಲ್ಲಿ ಹೊಗೆಯ ಅಲಾರಂ ಇದೆಯಾ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಾ ಅಂತ ಒತ್ತಿ ನೋಡಿದರು. 1994ಕ್ಕೆ ಮೊದಲು ಕಟ್ಟಿದ ಮನೆ ಆದ್ದರಿಂದ, ನೀರು ಜಾಸ್ತಿ ಕುಡಿಯುವ ಹಳೇ ಕಮೋಡು ಇನ್ನೊಂದು ಬಾತ್‌ರೂಮಿನಲ್ಲಿದ್ದರೂ ಬದಲಾಯಿಸಬೇಕು. ಬೇಸಿನ್ ಪಕ್ಕದ ಸಾಕೆಟ್ಟಿನ ಬಟನ್ ಒತ್ತಿ ಕರೆಂಟು ತಟ್ಟನೆ ಕಟ್ ಆಗುತ್ತಾ ಅಂತ ನೋಡಿದರು. ಒಂದು ದೀಪಕ್ಕಾದರೂ ಸೆನ್ಸರ್ ಇರಬೇಕು ಅನ್ನುವುದು ಇಲ್ಲಿಯ ನಿಯಮ, ಅಲುಗಾಟ ಇಲ್ಲದಿದ್ದರೆ ಆರಿಹೋಗುತ್ತದೆ. ಅಮ್ಮ ಪರದೆ ಹಿಂದೆ ಕೂತಿದ್ದಾಗ ಕತ್ತಲಾಗಬಾರದು ಅಂತ ಶವರಿನ ದೀಪಕ್ಕೆ ಬೇರೆ ಸ್ವಿಚ್ ಹಾಕಿಸಿದ್ದೆವು, ಅದಕ್ಕೆ ಒಪ್ಪಿದರು. ಕಂಟ್ರಾಕ್ಟರಿಗೆ ಕೊನೆಯ ಕಂತು ಕೊಟ್ಟಿದ್ದು ಆ ಸಹಿ ಬಿದ್ದ ಮೇಲೆಯೇ. ಮೊದಲೇ ಹಾಗೆ ಬರೆಸಿಕೊಂಡಿದ್ದೆವು.

ಅಮ್ಮ ಬಂದು ಈಗ ಒಬ್ಬಳೇ ಸ್ನಾನ ಮಾಡುತ್ತಾಳೆ. ಹಂಡೆ ನೀರಿನಷ್ಟು ಬಿಸಿ ಇಲ್ಲ ಅನ್ನುವುದೊಂದು ತಕರಾರು ಇದೆ. ಕಂಬಿ ಹಿಡಿದು ಏಳುವುದು ಅಭ್ಯಾಸ ಆದ ಮೇಲೆ ಒಂದು ದಿನ ಅವಳೇ ಕೇಳಿದಳು, "ಊರಲ್ಲೂ ಹಿಂಗೇ ಒಂದು ಹಾಕಿಸೋಕಾಗಲ್ವೇನೇ?" ಅರಸೀಕೆರೆ ಮನೆಯಲ್ಲಿ ತಮ್ಮ ಇದ್ದಾನೆ. ಅಲ್ಲಿ ಗೋಡೆ ಮುಚ್ಚುವ ಮೊದಲು ಬಂದು ನೋಡುವ ಇನ್‌ಸ್ಪೆಕ್ಟರ್ ಇಲ್ಲ, ಮೇಸ್ತ್ರಿ ಹೇಳಿದ್ದೇ ಮಾತು. ನಾವೇ ನೋಡಿಕೊಳ್ಳಬೇಕು. ಟೇಪ್ ಹಿಡಿದ ಫೋಟೋಗಳನ್ನೆಲ್ಲ ತಮ್ಮನಿಗೆ ಕಳಿಸಿದ್ದೇನೆ. ಅಲ್ಲಿ ಗಟ್ಟಿ ಇಟ್ಟಿಗೆ ಗೋಡೆ, ಮರ ಬೇಕಿಲ್ಲ, ಆದರೆ ಬೋಲ್ಟು ಬರೀ ಗಾರೆಯಲ್ಲಿ ಕೂರದೆ ಇಟ್ಟಿಗೆಯೊಳಗೆ ಹೋಗಬೇಕು. ನೆಲದ ಇಳಿಜಾರು ನೀರು ಸುರಿದು ನೋಡಿಯೇ ಒಪ್ಪಬೇಕು. ಗೀಸರ್ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಟ್ಟನೆ ಕಟ್ ಮಾಡುವ ಸ್ವಿಚ್, ಇಲ್ಲ ಅಂತ ತಮ್ಮ ನೋಡಿ ಹೇಳಿದ, ಅದನ್ನು ಮೊದಲು ಹಾಕಿಸು ಅಂದಿದ್ದೇನೆ. ಎಲೆಕ್ಟ್ರಿಷಿಯನ್ ಈ ವಾರ ಬರುತ್ತಾರಂತೆ, ಮೇಸ್ತ್ರಿ ಹಬ್ಬ ಮುಗಿದ ಮೇಲೆ.