ಕಿಸೆಯ ಚಾಕು: ಒತ್ತು ಯಾವ ಕಡೆ ಬೀಳುತ್ತದೆ?

ಮಡಚುವ ಚಾಕು ಕೊಯ್ಯುವಾಗ ಮುರಿಯುವುದು ಅಪರೂಪ. ಡಬ್ಬಿಯ ಮುಚ್ಚಳ ಎಬ್ಬಿಸುವಾಗ, ಸ್ಕ್ರೂ ತಿರುಗಿಸುವಾಗ, ಬೆಲ್ಟಿಗೆ ತೂತು ಹಾಕುವಾಗ, ಹಿಡಿಯನ್ನೇ ಸುತ್ತಿಗೆ ಮಾಡಿಕೊಂಡು ಮೊಳೆ ಬಡಿಯುವಾಗ ಅದರ ಕತೆ ಮುಗಿಯುತ್ತದೆ. "ಪೇಚಕಸ್ (ಸ್ಕ್ರೂಡ್ರೈವರ್) ಯಾಕ ಹುಡುಕ್ತೀಯೋ ತಮ್ಮಾ, ಚಾಕು ಐತೆಲ್ಲ" ಅನ್ನುವ ಮಾತು ಹುಬ್ಬಳ್ಳಿಯ ಗ್ಯಾರೇಜಿನಲ್ಲೂ ಕೇಳುತ್ತದೆ, ನವಲಗುಂದದ ಹೊಲದಲ್ಲೂ ಕೇಳುತ್ತದೆ. ಕೊಯ್ಯುವುದಕ್ಕಷ್ಟೇ ಬಳಸಿರಿ ಎಂದು ಉಪದೇಶ ಮಾಡಿ ಪ್ರಯೋಜನವಿಲ್ಲ. ಬೋರಿನ ಹತ್ತಿರ ನಿಂತವನ ಕಿಸೆಯಲ್ಲಿ ಇರುವುದು ಅದೊಂದೇ. ನೋಡಬೇಕಾದದ್ದು ಒತ್ತು ಯಾವ ಕಡೆಯಿಂದ ಬೀಳುತ್ತದೆ ಅನ್ನುವುದನ್ನು.

ಅಲಗು ನಿಂತಿರುವುದು ಒಂದೇ ಒಂದು ಪಿನ್ನಿನ ಮೇಲೆ. ಬಾಯಿಯ, ಅಂದರೆ ಕೊಯ್ಯುವ ಅಂಚಿನ, ಕಡೆಯಿಂದ ಒತ್ತು ಬಂದರೆ ಅಲಗಿನ ಬುಡ ಹಿಡಿಯೊಳಗಿನ ತಡೆಗೆ ಹೋಗಿ ಗಟ್ಟಿಯಾಗಿ ಕೂರುತ್ತದೆ. ಚಾಕು ಮಾಡಿರುವುದೇ ಈ ಒತ್ತಿಗೆ. ಬೆನ್ನಿನ ಕಡೆಯಿಂದ ಬಂದರೆ ಅದೇ ಅಲಗು ಮಡಚಿಕೊಳ್ಳಲು ನೋಡುತ್ತದೆ. ತಡೆಯುವುದು, ಬಿಚ್ಚಿದ ಅಲಗನ್ನು ಹಿಡಿದಿಡುವ ಲಾಕ್ ಮಾತ್ರ. ಲಾಕ್ ಇಲ್ಲದ ಚಾಕುವಿನಲ್ಲಿ ಅದೂ ಇಲ್ಲ, ಬರೀ ಸ್ಪ್ರಿಂಗ್ ಪಟ್ಟಿ. ಇನ್ನು ಅಡ್ಡಕ್ಕೆ ತಿರುಚಿದರೆ ಪಿನ್ನು ಸಡಿಲಾಗುತ್ತದೆ, ಇಲ್ಲವೇ ಮೊನೆ ಹಾರುತ್ತದೆ.

ಮೊನೆ ಹಾರುವುದಕ್ಕೆ ಮುಖ್ಯ ಕಾರಣ ಸ್ಕ್ರೂ. ಅಲಗಿನ ಬುಡ 2–3 ಮಿ.ಮೀ. ದಪ್ಪ ಇದ್ದರೂ ಮೊನೆಯ ಹತ್ತಿರ ಬಹಳ ತೆಳ್ಳಗಿರುತ್ತದೆ. ಬಾಯಿ ಬೇಗ ಮೊಂಡಾಗಬಾರದೆಂದು ಉಕ್ಕಿಗೆ ಗಡಸು ಕೊಟ್ಟಿರುತ್ತಾರೆ. ಗಡಸು ಉಕ್ಕು ಬಾಗುವುದಿಲ್ಲ, ಸಿಡಿಯುತ್ತದೆ. ಪಂಪಿನ ಸ್ಟಾರ್ಟರ್ ಡಬ್ಬಿಯ ಟರ್ಮಿನಲ್ ಸ್ಕ್ರೂ ಬಿಗಿಯಾಗಿದ್ದರೆ ಚಾಕು ಹಾಕಲೇಬಾರದು. ಆಗಲೇ ಸಡಿಲಾದ ಸ್ಕ್ರೂ ಒಂದೆರಡು ಸುತ್ತು ಬಿಚ್ಚಲು ನಡೆಯುತ್ತದೆ. ತಲೆಯಲ್ಲಿ ಅಗಲ ಗೀರು ಇರುವ ಸ್ಕ್ರೂಗೆ ನಾಣ್ಯವೇ ಚಾಕುಗಿಂತ ಮೇಲು. 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಹೋದ ಚಾಕುವಿನಲ್ಲೇ ಅಲಗು ಬೇರೆ, ಸ್ಕ್ರೂಡ್ರೈವರ್ ಬೇರೆ, ಡಬ್ಬಿ ತೆರೆಯುವ ಕೊಕ್ಕೆ ಬೇರೆ, ತೂತು ಹಾಕುವ ಮೊನೆ ಬೇರೆ ಇದ್ದವು. ಬಂದೂಕು ಬಿಚ್ಚಲು ಸ್ಕ್ರೂಡ್ರೈವರ್ ಬೇಕಾಗಿತ್ತು, ಅಲಗಿನ ಮೊನೆಯಿಂದ ಅದು ಆಗುವ ಕೆಲಸವಲ್ಲ ಎಂದು ಅವರಿಗೆ ಅಂದೇ ಗೊತ್ತಿತ್ತು. ಅದೇ ಸ್ವಿಸ್ ಚಾಕುಗಳಲ್ಲಿ ಎಲ್ಲರ ಕೈಯಲ್ಲೂ ಕಾಣುವ 91 ಮಿ.ಮೀ. ಅಳತೆಯದಕ್ಕೆ ದೊಡ್ಡ ಅಲಗಿನ ಲಾಕ್ ಇರುವುದಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ.

ತೂತು ಹಾಕುವುದರಲ್ಲಿ ಅಪಾಯ ಬೆರಳಿಗೆ. ಮೊನೆ ಬೆಲ್ಟಿನ ಚರ್ಮದಲ್ಲಿ ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತದೆ, ಕೈ ಮುಂದೆ ಹೋಗುತ್ತದೆ, ಅಲಗು ಬೆರಳ ಮೇಲೆ ಮಡಚಿಕೊಳ್ಳುತ್ತದೆ. ಕೆಲಸವೂ ಹಸನಾಗುವುದಿಲ್ಲ. ಚಾಕುವಿನಿಂದ ಬೀಳುವುದು ಸೀಳು. ಸೀಳಿನ ಎರಡೂ ತುದಿ ಚೂಪಾಗಿರುವುದರಿಂದ ಜಗ್ಗಿದಷ್ಟೂ ಹರಿಯುತ್ತಾ ಹೋಗುತ್ತದೆ. ದುಂಡು ತೂತು ಹಾಗೆ ಹರಿಯುವುದಿಲ್ಲ. ಬೆಲ್ಟನ್ನು ಕಟ್ಟಿಗೆಯ ಮೇಲಿಟ್ಟು ಒಂದು ಮೊಳೆ ಬಡಿದರೆ ಸಾಕು. ಚೀಲ ಹೊಲಿಯುವ ದಬ್ಬಣ ಇದ್ದರೆ ಇನ್ನೂ ಚಲೋ.

ಕೆರೆಯುವ ಕೆಲಸಕ್ಕೆ ಚಾಕು ನಿಜಕ್ಕೂ ಒಳ್ಳೆಯದು, ಆದರೆ ಬಾಯಿಯಿಂದ ಅಲ್ಲ, ಬೆನ್ನಿನಿಂದ. ಬ್ಯಾಟರಿಯ ಟರ್ಮಿನಲ್ಲಿನ ಬಿಳಿ ಪುಡಿ, ಟಾರ್ಚಿನ ಒಳಗಿನ ತುಕ್ಕು, ಎಂಜಿನ್ನಿಗೆ ಅಂಟಿದ ಹಳೇ ಗ್ಯಾಸ್ಕೆಟ್, ಇವನ್ನೆಲ್ಲ ಬೆನ್ನಿನ ಚೂಪು ಅಂಚು ಎಬ್ಬಿಸುತ್ತದೆ. ಎಂಜಿನ್ನಿನ ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಅಲ್ಲಿ ಜೋರು ಮಾಡಿದರೆ ಗೆರೆ ಬಿದ್ದು, ಆ ಗೆರೆಯಿಂದಲೇ ಆಯಿಲ್ ಸೋರುತ್ತದೆ. ಬೆನ್ನಿನಿಂದ ಕೆರೆಯುವಾಗ ಒತ್ತು ಬೀಳುವುದು ಮಡಚುವ ದಿಕ್ಕಿಗೇ ಎಂಬುದು ನೆನಪಿರಲಿ. ಹಾಗಾಗಿ ಬೆರಳುಗಳನ್ನು ಹಿಡಿಯಿಂದ ಮುಂದಕ್ಕೆ ತಂದು, ಅಲಗಿನ ಎರಡೂ ಚಪ್ಪಟೆ ಮೈಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿಯಬೇಕು. ಬಾಯಿಯ ದಾರಿಯಲ್ಲಿ ಯಾವ ಬೆರಳೂ ಇರಬಾರದು.

ಚೀಲ ಬಿಚ್ಚುವುದಕ್ಕೆ ಚಾಕುವಿನ ಕೆಲಸ ಬಹಳ ಕಡಿಮೆ. ಗೊಬ್ಬರದ, ದನದ ಹಿಂಡಿಯ ಪ್ಲಾಸ್ಟಿಕ್ ಚೀಲದ ಬಾಯಿಗೆ ಮಷೀನಿನಲ್ಲಿ ಹಾಕಿರುವುದು ಸರಪಳಿ ಹೊಲಿಗೆ. ಅದು ಹೊಲಿಗೆ ಮುಗಿದ ತುದಿಯಿಂದ ಮಾತ್ರ ಬಿಚ್ಚುತ್ತದೆ. ಆ ತುದಿಯಲ್ಲಿ ಜೋತಾಡುವ ದಾರವನ್ನು ಚೀಲಕ್ಕೆ ಹತ್ತಿಸಿ ಕತ್ತರಿಸಿ, ಮೊನೆಯಿಂದ ಒಂದೆರಡು ಕುಣಿಕೆ ಸಡಿಲಿಸಿ ಜಗ್ಗಿದರೆ ಇಡೀ ಸಾಲು ಸರ್ರನೆ ಬರುತ್ತದೆ. ಬರಲಿಲ್ಲವೆಂದರೆ ಹಿಡಿದದ್ದು ತಪ್ಪು ತುದಿ, ಆ ಕಡೆಯಿಂದ ನೋಡಿರಿ. ಚೀಲದ ಬಾಯಿಯನ್ನೇ ಸೀಳಿದರೆ ಎಳೆ ಬಿಚ್ಚಿಕೊಂಡು ಚೀಲ ಮತ್ತೆ ಕೆಲಸಕ್ಕೆ ಬಾರದು.

ವಾಯರ್ ಸುಲಿಯುವಾಗ ಸುತ್ತಲೂ ಉಂಗುರದಂತೆ ಕೊಯ್ಯುವ ರೂಢಿ ಕೆಟ್ಟದ್ದು. ತಾಮ್ರದ ಎಳೆಗೆ ಗಾಯವಾಗಿ, ಬಾಗಿಸಿದಾಗ ಅಲ್ಲೇ ತುಂಡಾಗುತ್ತದೆ. ಉಳಿದ ಎಳೆಗಳ ಮೇಲೆ ಪಂಪಿನ ಭಾರವೆಲ್ಲ ಬಿದ್ದು ಜೋಡಣೆ ಕಾಯುತ್ತದೆ. ಅಲಗನ್ನು ಹೆಚ್ಚುಕಡಿಮೆ ಮಲಗಿಸಿ, ಪೆನ್ಸಿಲ್ ಹೆರೆದ ಹಾಗೆ ತುದಿಯ ಕಡೆಗೆ ಹೆರೆಯಬೇಕು. ಕರೆಂಟ್ ತೆಗೆದ ಮೇಲೆಯೇ. ಚಾಕುವಿನ ಹಿಡಿಗೆ ಪ್ಲಾಸ್ಟಿಕ್ ಇದ್ದರೂ ಒಳಗೆ ಕಬ್ಬಿಣ ಇದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಹತ್ತಿಗೆ, ಮೆಣಸಿನಕಾಯಿಗೆ ಹೊಡೆಯುವ ಎಣ್ಣೆಯ (ಕೀಟನಾಶಕದ) ಬಾಟಲಿಯ ಸೀಲನ್ನು ಕಿಸೆಯ ಚಾಕುವಿನಿಂದ ಕೊಯ್ಯುತ್ತಾರೆ, ಪ್ಯಾಂಟಿಗೆ ಒರೆಸುತ್ತಾರೆ, ಮಧ್ಯಾಹ್ನ ಅದರಿಂದಲೇ ಉಳ್ಳಾಗಡ್ಡಿ ಹೆಚ್ಚುತ್ತಾರೆ. ಅಲಗು ತೊಳೆದರೂ ಕೀಲಿನ ಸಂದಿಗೆ ಇಳಿದದ್ದು ಹೋಗುವುದಿಲ್ಲ, ಮಡಚಿ ಬಿಚ್ಚಿದಾಗ ಮತ್ತೆ ಅಲಗಿನ ಬಾಯಿಗೆ ಬರುತ್ತದೆ. ಅದಕ್ಕೊಂದು ಹಳೇ ಕತ್ತರಿ ಸ್ಪ್ರೇ ಪಂಪಿನ ಜೊತೆಗೇ ಇರಲಿ.

ಎರೆ ಮಣ್ಣು ಲಾಕಿನ ದೊಡ್ಡ ಶತ್ರು. ಒಳಗಿನ ಪಟ್ಟಿ ಸರಿದು ಅಲಗಿನ ಬುಡಕ್ಕೆ ಕೂರುವ ಜಾಗದಲ್ಲಿ ಒಣಗಿದ ಮಣ್ಣು ಇದ್ದರೆ ಲಾಕ್ ಅರ್ಧಕ್ಕೇ ನಿಲ್ಲುತ್ತದೆ, ನೋಡಿದರೆ ಬಿದ್ದಂತೆಯೇ ಕಾಣುತ್ತದೆ. ಬಿಸಿ ನೀರು, ಸೋಪು ಹಾಕಿ ನೀರಿನೊಳಗೇ ನಾಲ್ಕಾರು ಸಲ ಬಿಚ್ಚಿ ಮಡಚಿ, ಸಂದಿಯನ್ನು ಬೇವಿನ ಕಡ್ಡಿಯಿಂದ ಕೆದಕಿ, ಬಿಸಿಲಿಗೆ ಒಣಗಿಸಿ ಹೊಲಿಗೆ ಮಷೀನಿನ ಎಣ್ಣೆ ಒಂದೇ ಹನಿ ಬಿಡಬೇಕು. ಅಡುಗೆ ಎಣ್ಣೆ ದಿನ ಕಳೆದಂತೆ ಅಂಟಾಗಿ ಇನ್ನಷ್ಟು ಧೂಳು ಹಿಡಿಯುತ್ತದೆ.

ಮೊನೆ ಹೋದ ಚಾಕುವನ್ನು ಎಸೆಯಬೇಕಿಲ್ಲ. ಓಣಿಗೆ ಬರುವ ಸಾಣೆಯವರ ಕೈಗೆ ಕೊಟ್ಟರೆ ಒಣ ಚಕ್ರಕ್ಕೆ ಹಿಡಿದು ಕಿಡಿ ಹಾರಿಸುತ್ತಾರೆ. ಕಾರ್ಬನ್ ಸ್ಟೀಲಿನ ಅಂಚಿಗೆ ನೀಲಿ ಬಣ್ಣ ಬಂತೆಂದರೆ ಶಾಖ ಸುಮಾರು 300 ಡಿಗ್ರಿ ಮುಟ್ಟಿದೆ, ಅಷ್ಟು ಭಾಗದ ಗಡಸು ಇಳಿದಿದೆ ಎಂದೇ ಲೆಕ್ಕ. ಮನೆಯಲ್ಲಿ ಒರಟು ಸಾಣೆಕಲ್ಲಿಗೆ ನೀರು ಹಾಕುತ್ತಾ ಉಜ್ಜುವುದು ನಿಧಾನ, ಆದರೆ ಕೆಡುವುದಿಲ್ಲ. ಉಜ್ಜಬೇಕಾದದ್ದು ಬೆನ್ನಿನ ಕಡೆಯಿಂದ: ಬೆನ್ನನ್ನು ಇಳಿಜಾರು ಮಾಡುತ್ತಾ ಬಾಯಿಯ ಗೆರೆಗೆ ಕೂಡಿಸಬೇಕು. ಬಾಯಿಯ ಕಡೆಯಿಂದ ಮೇಲಕ್ಕೆ ಉಜ್ಜಿದರೆ ಹೊಸ ಮೊನೆ ಬೆನ್ನಿನ ಹತ್ತಿರ ಬರುತ್ತದೆ, ಮಡಚಿದಾಗ ಹಿಡಿಯಿಂದ ಹೊರಗೆ ಇಣುಕುತ್ತದೆ, ಕಿಸೆಗೆ ಕೈ ಹಾಕಿದವನಿಗೆ ಚುಚ್ಚುತ್ತದೆ. ಮಡಚಿ, ಹಿಡಿಯ ಮೇಲೆ ಅರಳೆಯ ತುಣುಕೊಂದನ್ನು ಸವರಿ ನೋಡಿರಿ. ಎಳೆ ಸಿಕ್ಕಿಕೊಂಡರೆ ಬೆನ್ನಿನ ಕಡೆ ಇನ್ನಷ್ಟು ಉಜ್ಜಬೇಕು.