ಯಾವ ಇಆರ್‌ಪಿ ಹಾಕಿಸೋಣ ಸಾರ್?

ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗ್‌ನಲ್ಲಾಗಲಿ, ಸಣ್ಣ ಮಷಿನ್ ಶಾಪ್ ನಡೆಸುವವರು ಕೇಳುವುದು ಇದನ್ನೇ: ‘ಮೂವತ್ತು ಜನ ಇದ್ದೀವಿ. ಲೆಕ್ಕಕ್ಕೆ ಟ್ಯಾಲಿ ಇದೆ, ಉಳಿದದ್ದೆಲ್ಲ ಎಕ್ಸೆಲ್ಲು, ವಾಟ್ಸಾಪು. ಯಾವ ಇಆರ್‌ಪಿ ಒಳ್ಳೇದು?’ ಇಆರ್‌ಪಿ ಅಂದರೆ ಖರೀದಿ, ಸ್ಟಾಕು, ತಯಾರಿ, ಮಾರಾಟದ ಲೆಕ್ಕವನ್ನೆಲ್ಲ ಒಂದೇ ಕಡೆ ಇಡುವ ಸಾಫ್ಟ್‌ವೇರ್. ಹೆಸರುಗಳಿಗೆ ಆಮೇಲೆ ಬರೋಣ. ಮೊದಲು ನಿಮ್ಮ ಸ್ಟೋರಿನ ಒಂದು ರೌಂಡ್ ಬಾರಿನ ಲೆಕ್ಕ ನೋಡಿ.

40 ಮಿಮೀ ವ್ಯಾಸದ ಸ್ಟೀಲ್ ಬಾರನ್ನು ಕೊಳ್ಳುವುದು ಕಿಲೋದಲ್ಲಿ, ಕತ್ತರಿಸುವುದು ಮಿಲಿಮೀಟರಿನಲ್ಲಿ, ಮಾರುವುದು ಪೀಸಿನಲ್ಲಿ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿನ ತೂಕ ಸಿಗುತ್ತದೆ. ಇಲ್ಲಿ ಸುಮಾರು 9.88 ಕಿಲೋ. ಪಾರ್ಟಿನ ಉದ್ದ 80 ಮಿಮೀ ಇದ್ದರೆ, ಬ್ಲೇಡು ತಿನ್ನುವುದು, ತುದಿ ಸಮ ಮಾಡುವ ಫೇಸಿಂಗಿಗೆ ಬಿಡುವುದು ಸೇರಿ 85 ಹಿಡಿಯಿರಿ. 3 ಮೀಟರ್ ಬಾರಿನಲ್ಲಿ 35 ಪೀಸ್ ಬರುತ್ತವೆ, 25 ಮಿಮೀ ತುಂಡು ಸ್ಕ್ರ್ಯಾಪಿಗೆ ಹೋಗುತ್ತದೆ. ಅಂದರೆ ಪೀಸಿಗೆ ಸುಮಾರು 847 ಗ್ರಾಂ. ಆದರೆ ಬಿಒಎಂ (ಒಂದು ಪಾರ್ಟಿಗೆ ಯಾವ ಸಾಮಾನು ಎಷ್ಟು ಬೇಕೆಂಬ ಪಟ್ಟಿ) ಬರೆಯುವವರು ಡ್ರಾಯಿಂಗಿನ ಫಿನಿಶ್ ತೂಕ, ಅಂದರೆ 520 ಗ್ರಾಂ, ಹಾಕಿಬಿಡುತ್ತಾರೆ. ಸಾವಿರ ಪೀಸ್ ಮುಗಿಯುವ ಹೊತ್ತಿಗೆ ಕಂಪ್ಯೂಟರಿನಲ್ಲಿ 327 ಕಿಲೋ ಸ್ಟೀಲ್ ಇರುತ್ತದೆ, ರ‍್ಯಾಕಿನಲ್ಲಿ ಇರುವುದಿಲ್ಲ. ಯಾವ ಕಂಪನಿಯ ಸಾಫ್ಟ್‌ವೇರ್ ತಂದರೂ ಈ 327 ಕಿಲೋ ನಿಮ್ಮನ್ನು ಬಿಡುವುದಿಲ್ಲ.

ಐಟಂ ಪಟ್ಟಿಯ ಪಾಡೂ ಇದೇ. ‘ಬೇರಿಂಗ್ 6205’, ‘ಬಿಆರ್‌ಜಿ 6205’, ‘6205 ಬೇರಿಂಗ್’ ಎಂದು ಮೂರು ಸಾಲಿದ್ದರೆ ಸ್ಟಾಕು ಮೂರು ಕಡೆ ಹರಿದು ಹಂಚಿರುತ್ತದೆ. ಒಟ್ಟುಗೂಡಿಸಿ, ಆದರೆ ಕುರುಡಾಗಿ ಬೇಡ: 6205-2ಝಡ್‌ಗೆ ಲೋಹದ ಶೀಲ್ಡು, 6205-2ಆರ್‌ಎಸ್‌ಗೆ ರಬ್ಬರ್ ಸೀಲು. ಎರಡರ ಅಳತೆಯೂ ಒಂದೇ, ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿಮೀ, ಆದರೂ ಬೇರೆ ಐಟಂ. ಕೋಡಿನೊಳಗೆ ಗ್ರೇಡು, ಸೈಜು, ಗಿರಾಕಿಯ ಹೆಸರು ಎಲ್ಲ ತುರುಕುವ ಚಟ ನಮ್ಮಲ್ಲಿ ಬಹಳ. ಬರೀ ಕ್ರಮಸಂಖ್ಯೆ ಕೊಡಿ, ವಿವರಕ್ಕೆ ಬೇರೆ ಕಾಲಂ ಇದೆ.

ಇನ್ನು ಜಾಬ್ ವರ್ಕ್, ಅಂದರೆ ನಮ್ಮ ಮಾಲನ್ನು ಹೊರಗೆ ಕೊಟ್ಟು ಮಾಡಿಸುವ ಕೆಲಸ. ಹೀಟ್ ಟ್ರೀಟ್‌ಮೆಂಟು, ಪ್ಲೇಟಿಂಗ್, ಗ್ರೈಂಡಿಂಗ್ ಹೊರಗೆ ಮಾಡಿಸುವವರು ಸಾಫ್ಟ್‌ವೇರ್ ಆರಿಸುವಾಗ ಹೆಚ್ಚು ಎಡವುವುದು ಇಲ್ಲೇ. ನೀವು ಚಲನ್‌ನಲ್ಲಿ 500 ಪೀಸ್ ಎಂದು ಕಳಿಸುತ್ತೀರಿ, ಅವರು ಕಿಲೋ ಲೆಕ್ಕದಲ್ಲಿ ಬಿಲ್ ಮಾಡುತ್ತಾರೆ, ವಾಪಸ್ ಬರುವುದು 300, ಆಮೇಲೆ 196. ಉಳಿದ ನಾಲ್ಕು ಯಾರ ಲೆಕ್ಕಕ್ಕೆ? ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಜಾಬ್ ವರ್ಕಿಗೆ ಕಳಿಸಿದ ಇನ್‌ಪುಟ್ ಸಾಮಾನು ಒಂದು ವರ್ಷದೊಳಗೆ ಮರಳಬೇಕು, ಇಲ್ಲವೇ ಅಲ್ಲಿಂದಲೇ ಮಾರಾಟವಾಗಬೇಕು. ತಪ್ಪಿದರೆ ಕಳಿಸಿದ ದಿನವೇ ಸರಬರಾಜು ಆಯಿತೆಂದು ತೆರಿಗೆ ಬೀಳುತ್ತದೆ. ಆದ್ದರಿಂದ ಜಾಬ್ ವರ್ಕರ್ ಬಳಿ ಇರುವ ಮಾಲು ಸಾಫ್ಟ್‌ವೇರಿನಲ್ಲಿ ಪ್ರತ್ಯೇಕ ಗೋದಾಮಾಗಿ, ಚಲನ್ ನಂಬರ್ ಮತ್ತು ತಾರೀಖಿನ ಸಮೇತ ಕಾಣಬೇಕು. ಜಾಬ್ ವರ್ಕಿಗೆ ಹೋದ ಮಾಲಿನ ಬಗ್ಗೆ ಸಲ್ಲಿಸುವ ಐಟಿಸಿ-04 ಎಂಬ ಜಿಎಸ್‌ಟಿ ಫಾರಂ ತುಂಬಲೂ ಬೇಕಾಗುವುದು ಇದೇ ಮಾಹಿತಿ.

ಡೆಮೊ ಕೊಡಲು ಬಂದವರ ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ನೋಡಬೇಡಿ. ನಿಮ್ಮದೇ ಒಂದು ಅಸೆಂಬ್ಲಿಯ ಡ್ರಾಯಿಂಗ್ ಕೊಟ್ಟು ನಿಮ್ಮೆದುರಿಗೇ ಮಾಡಿಸಿ: ಸಬ್ ಅಸೆಂಬ್ಲಿ ಸಹಿತ ಬಿಒಎಂ, ನಡುವೆ ಒಂದು ಹೊರಗಿನ ಆಪರೇಷನ್, 50ರಲ್ಲಿ 3 ರಿಜೆಕ್ಟ್, ಅದರಲ್ಲಿ 1 ರೀವರ್ಕ್. ಕೀಬೋರ್ಡ್ ಮುಂದೆ ನಿಮ್ಮ ಸ್ಟೋರ್ ಕೀಪರ್ ಕೂರಲಿ. ‘ಅದನ್ನ ಕಸ್ಟಮೈಸ್ ಮಾಡ್ಕೊಡ್ತೀವಿ’ ಎಂಬ ಮಾತು ಎರಡು ಸಲಕ್ಕಿಂತ ಹೆಚ್ಚು ಬಂದರೆ ಚಹಾ ಕೊಟ್ಟು ಕಳಿಸಿ.

ಈಗ ಹೆಸರು. ಸಬ್ ಅಸೆಂಬ್ಲಿ ಇಲ್ಲದ ಒಂದೇ ಮಟ್ಟದ ಬಿಒಎಂ, ಆಪರೇಷನ್ ಕಡಿಮೆ ಎಂದಾದರೆ ಟ್ಯಾಲಿಪ್ರೈಮ್‌ನಲ್ಲೇ ಇರುವ ಮ್ಯಾನುಫ್ಯಾಕ್ಚರಿಂಗ್ ಜರ್ನಲ್ ಮತ್ತು ಜಾಬ್ ವರ್ಕ್ ಸೌಲಭ್ಯ ಸಾಕು. ಎಷ್ಟೋ ಕಡೆ ಅದನ್ನು ಆನ್ ಮಾಡಿಯೇ ಇರುವುದಿಲ್ಲ. ಆಪರೇಷನ್‌ವಾರು ಜಾಬ್ ಕಾರ್ಡ್ (ಕೆಲಸದ ಚೀಟಿ) ಬೇಕಿದ್ದರೆ ಇಆರ್‌ಪಿನೆಕ್ಸ್ಟ್ ನೋಡಿ. ಅದು ಓಪನ್ ಸೋರ್ಸ್, ಲೈಸೆನ್ಸ್ ಶುಲ್ಕವಿಲ್ಲ. ಆದರೆ ಸರ್ವರಿಗೆ, ಅಳವಡಿಸುವವರಿಗೆ ದುಡ್ಡು ಕೊಡಲೇಬೇಕು. ಓಡೂ ಕಮ್ಯುನಿಟಿಯೂ ಉಚಿತವೇ, ಆದರೆ ಪೂರ್ಣ ಅಕೌಂಟಿಂಗ್, ಕ್ವಾಲಿಟಿ ಮಾಡ್ಯೂಲು ಹಣ ಕೊಡುವ ಎಂಟರ್‌ಪ್ರೈಸ್ ಆವೃತ್ತಿಯಲ್ಲಿವೆ. ಎಸ್‌ಎಪಿ ಬಿಸಿನೆಸ್ ಒನ್ ಆದರೆ ನಿಮ್ಮ ಗತಿ ಅದನ್ನು ಮಾರುವ ಪಾರ್ಟ್‌ನರ್ ಎಷ್ಟು ಗಟ್ಟಿ ಎಂಬುದರ ಮೇಲಿದೆ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಇನ್ನೊಂದು ಷರತ್ತು: 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರಿನಲ್ಲಿ ಆಫ್ ಮಾಡಲಾಗದ ಎಡಿಟ್ ಲಾಗ್ (ಯಾವಾಗ ಏನು ತಿದ್ದಲಾಯಿತೆಂಬ ದಾಖಲೆ) ಕಡ್ಡಾಯ.

ಅಳವಡಿಕೆಗೆ ಸ್ಟೋರಿನಿಂದ ಶುರುಮಾಡಿ. ಅಕೌಂಟ್ಸ್ ಟ್ಯಾಲಿಯಲ್ಲೇ ಇರಲಿ. ಇನ್‌ವಾಯ್ಸ್ ಮಾತ್ರ ಒಂದೇ ಕಡೆ ಹುಟ್ಟಬೇಕು, ಇಲ್ಲದಿದ್ದರೆ ನಂಬರ್ ಸೀರೀಸ್ ಗಲಿಬಿಲಿಯಾಗುತ್ತದೆ. ವಹಿವಾಟು 5 ಕೋಟಿ ದಾಟಿದ್ದರೆ ಇ-ಇನ್‌ವಾಯ್ಸ್ ಕೂಡ ಅಲ್ಲಿಂದಲೇ ಹೋಗಬೇಕು. ಭಾನುವಾರ ಮಷಿನ್ ನಿಲ್ಲಿಸಿ, ಪೂರ್ತಿ ಎಣಿಸಿ, ಆ ಎಣಿಕೆಯನ್ನೇ ಆರಂಭಿಕ ಸ್ಟಾಕಾಗಿ ಹಾಕಿ. ಹಳೆಯ ಎಕ್ಸೆಲ್ ಅಂಕಿ ಬೇಡ. ಸ್ಟಾಕು ಸೊನ್ನೆಗಿಂತ ಕೆಳಗಿಳಿಯಲು ಅವಕಾಶ ಕೊಡುವ ‘ನೆಗೆಟಿವ್ ಸ್ಟಾಕ್’ ಸೆಟ್ಟಿಂಗನ್ನು ಆನ್ ಮಾಡಬೇಡಿ. ರಾತ್ರಿ ಬಂದ ಮಾಲಿಗೆ ಜಿಆರ್‌ಎನ್ (ಮಾಲು ಬಂತೆಂಬ ನಮೂದು) ಆಗಿರುವುದಿಲ್ಲ, ಬೆಳಿಗ್ಗೆ ಶಾಪಿಗೆ ಇಶ್ಯೂ ಮಾಡಬೇಕು, ಸಿಸ್ಟಂ ಬಿಡುವುದಿಲ್ಲ. ಆಗ ಯಾರಾದರೂ ಅದನ್ನು ಆನ್ ಮಾಡುತ್ತಾರೆ. ಅಂದಿನಿಂದ ಮೈನಸ್ ಅಂಕಿಗಳದ್ದೇ ರಾಜ್ಯಭಾರ, ಸ್ಟಾಕಿನ ದರದ ಲೆಕ್ಕವೂ ಕೆಡುತ್ತದೆ. ಮದ್ದು ಗೇಟಿನಲ್ಲಿದೆ: ಇನ್‌ವರ್ಡ್ ಎಂಟ್ರಿ ಮಾಲು ಬಂದ ಗಳಿಗೆಯಲ್ಲೇ ಆಗಬೇಕು.

ಏನನ್ನು ಎಷ್ಟು ತರಿಸಬೇಕೆಂದು ಲೆಕ್ಕ ಹಾಕುವ ಎಂಆರ್‌ಪಿ (ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್) ಬಟನ್ ಒತ್ತಲು ಅವಸರ ಬೇಡ. ದಿನಕ್ಕೆ 20 ಐಟಂ ಎಣಿಸುತ್ತ ಹೋಗಿ; 100ರಲ್ಲಿ 95 ತಾಳೆಯಾಗುವ ತನಕ ಕಾಯಿರಿ. ಬೇಕಾದದ್ದು 200, ಸ್ಟಾಕು 60, ಬರಬೇಕಾದದ್ದು 50 ಇದ್ದರೆ ಅದು 90 ತರಿಸು ಎನ್ನುತ್ತದೆ. ಆ 60 ನಿಜಕ್ಕೂ 20 ಆಗಿದ್ದರೆ ಅಸೆಂಬ್ಲಿ 40 ಪೀಸ್ ಸಾಲದೆ ನಿಲ್ಲುತ್ತದೆ. ಸಾಮಾನ್ಯ ಎಂಆರ್‌ಪಿಗೆ ಮಷಿನ್ ಖಾಲಿ ಇದೆಯೋ ಇಲ್ಲವೋ ಎಂಬುದೂ ಗೊತ್ತಿರುವುದಿಲ್ಲ. ನಿಮ್ಮಲ್ಲಿ ಸದಾ ಕ್ಯೂ ಇರುವ ಆ ಒಂದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಷಿನಿನ ಪಕ್ಕ ಒಂದು ವೈಟ್‌ಬೋರ್ಡ್ ಹಾಕಿ, ಸೂಪರ್‌ವೈಸರ್ ಕೈಯಲ್ಲಿ ಸರದಿ ಬರೆಸಿ. ಆ ಬೋರ್ಡಿನ ಕೆಲಸವನ್ನು ಸಾಫ್ಟ್‌ವೇರಿಗೆ ಕೊಡುವ ಯೋಚನೆ ಎರಡನೇ ವರ್ಷಕ್ಕಿರಲಿ.