ಕಿವಿ ನೋಡಿ ತತ್ತಿ ಹೇಳು

ಗೋವಾದ ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಇವತ್ತು ಬುಟ್ಟಿಯೊಳಗಿನ ಗಾವಠಿ (ನಾಟಿ) ಕೋಳಿಯ ಕಿವಿ ಬಗ್ಗಿ ಬಗ್ಗಿ ನೋಡ್ತಿದ್ದೆ. "ಕೋಳಿ ತಗೋತೀರೇನ್ರಿ, ಇಲ್ಲಾ ಅದಕ್ಕ ಕಿವಿ ಚುಚ್ಚಸ್ತೀರಿ?" ಅಂದಳು ಮಾರೋಳು. ಬೆಳಗಾವಿ ಕಡೆಯವಳೇ!

ಲೆಕ್ಕ ಇದು: ಕಿವಿಹಾಲೆ ಬಿಳಿ ಇದ್ದರೆ ಸಾಮಾನ್ಯವಾಗಿ ಬಿಳಿ ತತ್ತಿ, ಲೆಗ್‌ಹಾರ್ನ್ ತಳಿ ಥರ. ಕೆಂಪಿದ್ದರೆ ಕಂದು, ರೋಡ್ ಐಲೆಂಡ್ ರೆಡ್ ಥರ. ಈ ಲೆಕ್ಕ ತಪ್ಪಿಸೋದು ಚಿಲಿ ಮೂಲದ ಅರೌಕಾನಾ. ಕಿವಿಹಾಲೆ ಕೆಂಪು, ತತ್ತಿ ನೀಲಿ! ಅಲ್ಲಿ ಕಿವಿ ಬಿಟ್ಟು ಜುಟ್ಟು ನೋಡಬೇಕು. ನೀಲಿ ಬಣ್ಣದ ಜೀನ್ ಬಟಾಣಿ ಜುಟ್ಟಿನ (ಮೂರು ಸಾಲಿನ ಗಿಡ್ಡ ಜುಟ್ಟು) ಜೀನ್ ಪಕ್ಕದಲ್ಲೇ ಕೂತಿರುತ್ತೆ, ಹಾಗಾಗಿ ಎರಡೂ ಹೆಚ್ಚಾಗಿ ಜೊತೆಗೇ ಬರ್ತವೆ. ಬಿಲಿವರ್ಡಿನ್ ಅನ್ನೋ ಆ ನೀಲಿ ಚಿಪ್ಪಿನ ಒಳಗೂ ಇಳಿದಿರುತ್ತೆ. ಕಂದು ಹಾಗಲ್ಲ, ಕೊನೆ ಗಳಿಗೆಯಲ್ಲಿ ಹೊರಗಡೆ ಬಳಿದ ಸುಣ್ಣದ ಥರ. ಒಡೆದು ನೋಡಿ, ಒಳಗೆ ಬಿಳಿಯೇ. ನೀಲಿ ತಳಿಗೂ ಗಾಢ ಕಂದು ತತ್ತಿಯ ಮಾರಾನ್ಸ್‌ಗೂ ನಂಟು ಬೆಳೆಸಿದರೆ ಆಲಿವ್ ಹಸಿರು ತತ್ತಿ.

ನಮ್ಮ ಕಡಕನಾಥ್ ಕೋಳಿ ನಾಲಿಗೆವರೆಗೂ ಕಪ್ಪು. ಅದರ ತತ್ತಿ ಕಪ್ಪಗಿರುತ್ತೆ ಅಂತ ವರ್ಷಗಟ್ಟಲೆ ನಂಬಿದ್ದೆ, ಪಾಪ, ತೆಳು ಕೆನೆ ಬಣ್ಣ.

ಕೊನೆಗೆ ಆರು ತತ್ತಿ ತಂದೆ. ಆರೂ ಬೇರೆ ಬೇರೆ ಕಂದು.